ಕತ್ತರಿಸಿದ ಚಕ್ರಗಳು

ಅವಳಿಗೆ ಕಡ್ಡಿ ಎಂದು ಹೆಸರಿಟ್ಟವನು ಅಪ್ಪನೇ. ಹುಟ್ಟುವಾಗಲೇ ಸಣಕಲು, ಬೆಳೆಯುತ್ತಾ ಇನ್ನೂ ಸಣಕಲಾದಳು. ಸೈಕಲ್ ಚಕ್ರದ ಕಡ್ಡಿಗೆ ಫ್ರಾಕು ತೊಡಿಸಿದ ಹಾಗಿದ್ದಾಳೆ ಎಂದು ಮನೆಗೆ ಬಂದವರೆದುರು ಹೇಳಿ ನಗುತ್ತಿದ್ದ. ಶಾಲೆಯ ಹೆಸರು ಶಾಲೆಯಲ್ಲೇ ಉಳಿಯಿತು. ಈಗ ನಲವತ್ತು ದಾಟಿದ್ದಾಳೆ, ಅಂಗಡಿಯ ಬೋರ್ಡಿನ ಮೇಲೆ ಬೇರೇನೋ ಬರೆಸಿದ್ದಾಳೆ. ಆದರೂ ಗಿರಾಕಿಗಳ ಬಾಯಲ್ಲಿ ಅದು ಕಡ್ಡಿಯ ಅಂಗಡಿಯೇ.

ಅಪ್ಪನದು ಲಿಫ್ಟ್ ರಿಪೇರಿಯ ಕೆಲಸ. ಹಗಲೆಲ್ಲ ಯಾರದೋ ಕಟ್ಟಡದ ಕತ್ತಲೆ ಗುಂಡಿಯಲ್ಲಿ ನಿಂತು ತಲೆಯ ಮೇಲೆ ತೂಗುವ ಪೆಟ್ಟಿಗೆಯನ್ನು ನೋಡಿಕೊಳ್ಳುವುದು. ಆದರೆ ಅವನ ಜೀವ ಇದ್ದದ್ದು ಹಳೆಯ ಮೌಂಟನ್ ಬೈಕುಗಳಲ್ಲಿ. ಗುಡ್ಡ ಹತ್ತಲು, ಕಲ್ಲುದಾರಿಯಲ್ಲಿ ಇಳಿಯಲು ಮಾಡಿದ ಆ ದಪ್ಪ ಟೈರಿನ ಸೈಕಲ್‌ಗಳನ್ನು ಜನ ಒಂದು ಕಾಲದಲ್ಲಿ ಆಸೆಪಟ್ಟು ಕೊಂಡಿದ್ದರು, ಆಮೇಲೆ ಬಾಲ್ಕನಿಯ ಮೂಲೆಗೆ ನೂಕಿ ಮರೆತಿದ್ದರು. ಲಿಫ್ಟ್ ರಿಪೇರಿಗೆ ಹೋದಲ್ಲೆಲ್ಲ ಅವನ ಕಣ್ಣು ಆ ಮೂಲೆಗಳ ಮೇಲೆ. ಕೇಳಿ ತರುತ್ತಿದ್ದ, ಬಿಚ್ಚುತ್ತಿದ್ದ, ತುಕ್ಕು ಕೆರೆಯುತ್ತಿದ್ದ, ಕಂಪನಿಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡಿ ಗೋಡೆಗೆ ತೂಗುಹಾಕುತ್ತಿದ್ದ. ಓಡಿಸುತ್ತಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಜನಕ್ಕಿಂತ ಸೈಕಲ್ ಹೆಚ್ಚು. ಸ್ನಾನದ ಬಕೆಟ್ಟಿನಲ್ಲಿ ಸೀಮೆಎಣ್ಣೆ, ಅದರಲ್ಲಿ ನೆನೆದ ಚೈನುಗಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಬೇರೆಯವರ ಹಾಸಿಗೆಬಟ್ಟೆ ಇಸ್ತ್ರಿ ಮಾಡಿ ಬರುವ ಅಮ್ಮನ ಸೀರೆಗೆ ಗ್ರೀಸಿನ ಕಲೆ ತಪ್ಪುತ್ತಿರಲಿಲ್ಲ. ಅದರ ಬಗ್ಗೆ ಮಾತಾಡಿದರೆ ಅವನು, "ಸೀರೆ ಒಗೀಬಹುದು, ತುಕ್ಕು ಹಿಡಿದ ಫ್ರೇಮ್ ಒಗೆಯೋಕಾಗತ್ತಾ?" ಎನ್ನುತ್ತಿದ್ದ.

ಮಗಳಿಗೆ ಕೆಲಸ ಕಲಿಸಿದ್ದು ಅವನೇ, ಅದನ್ನು ಯಾರೂ ಅಲ್ಲಗಳೆಯಲಾರರು. ಎಲ್ಲಕ್ಕಿಂತ ಕಷ್ಟದ್ದು ಚಕ್ರ ಕಟ್ಟುವುದು. ನಡುವೆ ಹಬ್, ಸುತ್ತ ರಿಮ್, ಎರಡನ್ನೂ ಹಿಡಿದಿಡುವ ತೆಳ್ಳನೆಯ ಉಕ್ಕಿನ ಕಡ್ಡಿಗಳು. ಒಂದನ್ನು ತುಸು ಬಿಗಿ ಮಾಡಿದರೆ ರಿಮ್ ಈ ಕಡೆ ಬಾಗುತ್ತದೆ, ಎದುರಿನದನ್ನು ಬಿಗಿ ಮಾಡಿದರೆ ಆ ಕಡೆ. ಎಲ್ಲ ಕಡ್ಡಿಗಳ ಎಳೆತ ಒಂದಕ್ಕೊಂದು ಸಮನಾದಾಗ ಮಾತ್ರ ಚಕ್ರ ಅಲುಗದೆ ತಿರುಗುತ್ತದೆ. ಹುಡುಗಿ ಬೆರಳ ತುದಿ ಕೆಂಪಾಗುವವರೆಗೆ ಕೂತು ಬೆಂಡ್ ತೆಗೆದು, ಚಕ್ರವನ್ನು ಅಪ್ಪನ ಮುಂದೆ ಇಡುತ್ತಿದ್ದಳು. ಅವನು ಅದನ್ನು ಸ್ಟ್ಯಾಂಡಿಗೆ ಏರಿಸಿ, ರಿಮ್ಮಿನ ಪಕ್ಕದಲ್ಲಿ ಕಾಗದದ ಚೂರೊಂದನ್ನು ಹಿಡಿದು, ಚಕ್ರ ತಿರುಗಿಸುತ್ತಿದ್ದ. ಎಲ್ಲಾದರೂ ಒಂದು ಕಡೆ ರಿಮ್ ಕಾಗದಕ್ಕೆ ಸೋಕಿ ಸರ್ ಎಂದಿತೋ, ಮುಗಿಯಿತು. ಕಟಿಂಗ್ ಪ್ಲೇಯರ್ ತೆಗೆದುಕೊಂಡು ಕಡ್ಡಿಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದ. ಬಿಗಿಯಾದ ಉಕ್ಕು ಟಣ್ ಎಂದು ಚಿಮ್ಮುತ್ತಿತ್ತು. ರಿಮ್ ಬಳೆಯ ಹಾಗೆ ಕೈಗೆ ಬಂದಾಗ ಅದನ್ನು ಅವಳ ಮಡಿಲಿಗೆ ಹಾಕುತ್ತಿದ್ದ.

"ಮತ್ತೆ ಕಟ್ಟು."

"ಅಷ್ಟು ಕಡ್ಡಿ ಯಾಕ್ರೀ ಹಾಳು ಮಾಡ್ತೀರಾ? ಎಲ್ಲಿ ತಪ್ಪಿದೆ ಅಂತ ಹೇಳಿದ್ರೆ ಸಾಲದಾ?" ಎಂದು ಅಮ್ಮ ಅಡುಗೆಮನೆಯಿಂದ ಕೇಳುತ್ತಿದ್ದಳು.

"ಹೇಳಿದ್ರೆ ಕಿವಿಗೆ ಹೋಗತ್ತೆ. ಕತ್ತರಿಸಿದ್ರೆ ಕೈಗೆ ಹೋಗತ್ತೆ."

ಒಂದು ಸಲವೂ ಚೆನ್ನಾಗಿದೆ ಎಂದವನಲ್ಲ. ಕಾಗದ ಸೋಕದೆ ಚಕ್ರ ತಿರುಗಿದ ದಿನ ಅವನು ಏನೂ ಹೇಳದೆ ಎದ್ದು ಕೈ ತೊಳೆಯಲು ಹೋಗುತ್ತಿದ್ದ. ಹೊಗಳಿಕೆ ಎಂದರೆ ಅಷ್ಟೇ ಎಂದು ಅವಳು ತಿಳಿದಿದ್ದಳು.

ಕಾಲೇಜಿಗೆ ಹೋಗುತ್ತಿದ್ದಾಗ ಅವಳು ತನ್ನದೇ ಒಂದು ಸೈಕಲ್ ಸಜ್ಜು ಮಾಡಿಕೊಂಡಳು. ಯಾರೋ ಕಸದ ಪಕ್ಕ ಇಟ್ಟು ಹೋಗಿದ್ದ ನೇರಳೆ ಬಣ್ಣದ ಮೌಂಟನ್ ಬೈಕು. ಫ್ರೇಮ್ ಗಟ್ಟಿಯಿತ್ತು, ಉಳಿದದ್ದೆಲ್ಲ ಹೋಗಿತ್ತು. ಅವಳು ಅದನ್ನು ಅಪ್ಪನ ಹಾಗೆ ಹಳೆಯದಾಗಿ ಉಳಿಸಲಿಲ್ಲ, ಓಡಿಸುವುದಕ್ಕೆಂದು ಮಾಡಿದಳು. ಮುಂದಿನ ಮೂರು ಹಲ್ಲುಚಕ್ರ ತೆಗೆದು ಒಂದನ್ನೇ ಇಟ್ಟಳು, ಹಿಂದೆ ದೊಡ್ಡ ಗೇರ್ ಹಾಕಿದಳು, ಗಿಡ್ಡ ಹ್ಯಾಂಡಲ್ ಬಿಸಾಕಿ ಅಗಲವಾದದ್ದನ್ನು ಕೂರಿಸಿದಳು. ಊರಾಚೆಯ ಗುಡ್ಡದಲ್ಲಿ ನಡೆಯುವ ರೇಸಿಗೆ ಹೆಸರು ಕೊಟ್ಟಳು. ರೇಸಿನ ಹಿಂದಿನ ದಿನ ಮಧ್ಯಾಹ್ನ ಗ್ಲೌಸ್ ಕೊಂಡು ಮನೆಗೆ ಬಂದರೆ, ಸೈಕಲ್ಲು ನಡುಮನೆಯಲ್ಲಿ ಹಾಸಿದ ಹಳೆಯ ಬೆಡ್‌ಶೀಟಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿತ್ತು. ಅಪ್ಪ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದ. ಅಗಲವಾದ ಹ್ಯಾಂಡಲ್ಲನ್ನು ಗರಗಸದಿಂದ ಎರಡು ಮಾಡಿದ್ದ.

"ಏನಿದು?" ಎಂದಳು.

"ಅದನ್ನ ನಾನು ಕೇಳ್ಬೇಕು. ಅಜ್ಜಿಗೆ ಜೀನ್ಸ್ ಹಾಕಿ ಕುಣಿಸೋಕೆ ಕರ್ಕೊಂಡು ಹೊರಟಿದ್ಯಲ್ಲ, ಏನಿದು?"

"ನನ್ನ ಸೈಕಲ್ ಅದು."

"ಸೈಕಲ್ ನಿಂದು. ಕಲಿತಿದ್ದು ಯಾರ ಹತ್ರ?"

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಏನಾದರೂ ಹೇಳುತ್ತಾಳೆ ಎಂದು ಹುಡುಗಿ ಕಾದಳು. ಅಮ್ಮ ಒಲೆಯ ಮೇಲೆ ಏನೋ ಇದೆ ಎನ್ನುವಂತೆ ಒಳಗೆ ಹೋದಳು.

ಆ ವರ್ಷವೇ ಕಡ್ಡಿ ಮನೆ ಬಿಟ್ಟಳು. ಊರಿನ ಇನ್ನೊಂದು ತುದಿಯ ಸೈಕಲ್ ಅಂಗಡಿಯೊಂದರಲ್ಲಿ ಪಂಕ್ಚರ್ ಹಾಕುತ್ತಾ ಶುರು ಮಾಡಿ, ಕೊನೆಗೆ ತನ್ನದೇ ಅಂಗಡಿಯ ಶಟರ್ ಎತ್ತಿದಳು. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ. ಮದುವೆ ಆಗಲಿಲ್ಲ. ಕೇಳಿದವರಿಗೆ, "ಇಲ್ಲಿಗೆ ಬರೋದೆಲ್ಲ ರಿಪೇರಿಗೇ ಬರತ್ತೆ. ಗಂಡನೂ ಹಾಗೇ ಬಂದ್ರೆ ಏನ್ಮಾಡ್ಲಿ?" ಎನ್ನುತ್ತಿದ್ದಳು. ಹಳೆಯ ಉಕ್ಕಿನ ಫ್ರೇಮಿಗೆ ಡಿಸ್ಕ್ ಬ್ರೇಕ್ ಕೂರಿಸುವ ಕೊಂಡಿ ಬೆಸೆಯುವುದು, ಮುಂಚಕ್ರ ಹಿಡಿಯುವ ಸವೆದ ಫೋರ್ಕ್ ಬದಲಿಸಿ ಹೊಸ ಕಾಲದ್ದನ್ನು ಕೂರಿಸುವುದು, ಇಂಥದ್ದರಲ್ಲಿ ಅವಳ ಕೈಗೆ ಸಾಟಿಯಿರಲಿಲ್ಲ. ನಾಲಿಗೆಗೂ ಇರಲಿಲ್ಲ. "ಇದನ್ನ ತುಳಿದಿದ್ದೀರೋ, ತುಳಿಸಿಕೊಂಡಿದ್ದೀರೋ?" ಎಂದು ಕೇಳಿಸಿಕೊಳ್ಳದ ಗಿರಾಕಿಯಿಲ್ಲ. ಕೆಲಸ ಚೊಕ್ಕವಾಗಿದ್ದರಿಂದ ಜನ ಬೈಸಿಕೊಂಡೂ ಬರುತ್ತಿದ್ದರು.

ಅಪ್ಪ ಕೆಲಸದಿಂದ ನಿವೃತ್ತನಾದ ಮೇಲೆ ಅವನ ಕೈ ನಡುಗಲು ಶುರುವಾಯಿತು. ಮೊದಲು ಬಲಗೈ, ಆಮೇಲೆ ಎರಡೂ. ನರದ ಕಾಯಿಲೆ, ಔಷಧಿಯಿಂದ ನಿಧಾನವಾಗುತ್ತದೆ, ಹೋಗುವುದಿಲ್ಲ ಎಂದರು ಡಾಕ್ಟರು. ಸ್ಕ್ರೂ ಹಿಡಿಯಲಾಗದವನು ಗೋಡೆಯ ಸೈಕಲ್‌ಗಳನ್ನು ನೋಡುತ್ತಾ ಕೂತ, ನೋಡಲು ಬೇಸರವಾದಾಗ ಹೆಂಡತಿಯ ಕಡೆ ತಿರುಗಿದ. ಒಂದು ಬೆಳಿಗ್ಗೆ ಅಮ್ಮ ಅಂಗಡಿಗೆ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಮನೇಲಿ ಕೂತು ನನ್ನ ಜೀವ ಹಿಂಡ್ತಿದ್ದಾರೆ ಕಣೇ. ಪಲ್ಯಕ್ಕೆ ಉಪ್ಪು ಸರಿಯಿಲ್ಲ, ಬಟ್ಟೆ ಮಡಿಚಿದ್ದು ಸರಿಯಿಲ್ಲ, ನಾನು ಕೆಮ್ಮಿದ್ದೂ ಸರಿಯಿಲ್ಲ. ಹಗಲೊಂದಿಷ್ಟು ಹೊತ್ತು ಇಲ್ಲಿ ಕೂರಿಸ್ಕೋ. ಏನಾದ್ರೂ ಒರೆಸ್ಕೊಂಡಿರ್ತಾರೆ."

"ಕಳಿಸು," ಎಂದಳು ಮಗಳು.

ಇಷ್ಟು ಸುಲಭವಾಗಿ ಒಪ್ಪಿದಳಲ್ಲ ಎಂದು ಅಮ್ಮನಿಗೆ ಖುಷಿಯಾಯಿತು. ಅನುಮಾನ ಬರಬೇಕಿತ್ತು.

ಅಪ್ಪನಿಗೆ ಅಂಗಡಿಯ ಬಾಗಿಲಿನ ಎದುರು, ಬಂದವರಿಗೆಲ್ಲ ಕಾಣುವ ಜಾಗದಲ್ಲಿ ಸ್ಟೂಲ್ ಹಾಕಿದಳು. ಅವನಿಗೆ ಕೊಟ್ಟ ಕೆಲಸ, ಹಬ್ಬಿನೊಳಗಿನ ಪುಟ್ಟ ಉಕ್ಕಿನ ಗುಂಡುಗಳನ್ನು ಒರೆಸಿ ಬಟ್ಟಲಿಗೆ ಹಾಕುವುದು. ನಡುಗುವ ಕೈಗೆ ಅದಕ್ಕಿಂತ ಕಷ್ಟದ ಕೆಲಸ ಆ ಅಂಗಡಿಯಲ್ಲಿರಲಿಲ್ಲ. ಗುಂಡುಗಳು ನೆಲಕ್ಕೆ ಬಿದ್ದು ಬೆಂಚಿನ ಅಡಿಗೆ ಓಡುತ್ತಿದ್ದವು.

"ಎತ್ತು, ಒಂದೂ ಬಿಡಬೇಡ," ಎನ್ನುತ್ತಿದ್ದಳು, ತಲೆ ಎತ್ತದೆ.

ಅವನು ಮಂಡಿಯೂರಿ ಬೆಂಚಿನ ಕೆಳಗೆ ತೂರುತ್ತಿದ್ದ. ಗಿರಾಕಿಗಳು ಸಹಾಯಕ್ಕೆ ಬಗ್ಗಿದರೆ, "ನೀವು ಕೂತ್ಕೊಳ್ಳಿ, ಅದು ಅವರ ಕೆಲಸ," ಎಂದು ತಡೆಯುತ್ತಿದ್ದಳು. ಚಹಾ ತರಿಸಿದಾಗ ಎಲ್ಲರ ಲೋಟಕ್ಕೂ ಮುಕ್ಕಾಲು ಹಾಕಿ, ಅಪ್ಪನ ಲೋಟಕ್ಕೆ ಮಾತ್ರ ಅಂಚಿನವರೆಗೆ ತುಂಬಿಸುತ್ತಿದ್ದಳು. ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಅವನ ಅಂಗಿಯ ಮೇಲೆ. ನೋಡಿದವರು ಅಪ್ಪನಿಗೆ ಪ್ರೀತಿಯಿಂದ ಹೆಚ್ಚು ಕೊಡುತ್ತಾಳೆ ಎಂದುಕೊಂಡರು. ಅಪ್ಪನಿಗೆ ಗೊತ್ತಾಗುತ್ತಿತ್ತು. ಅವನು ದೂರಲಿಲ್ಲ. ಅಂಗಿ ಒರೆಸಿಕೊಂಡು ಮತ್ತೆ ಗುಂಡುಗಳಿಗೆ ಕೈ ಹಾಕುತ್ತಿದ್ದ.

ಒಂದು ದಿನ ಅವನೇ ಕೇಳಿದ. "ಒಂದು ಚಕ್ರ ಕೊಡು. ಕಟ್ತೀನಿ."

ಅವಳು ಖಾಲಿ ರಿಮ್, ಹಬ್, ಕಡ್ಡಿಯ ಕಟ್ಟು ತಂದು ಅವನ ಮುಂದೆ ಹಾಕಿದಳು. ವಾರಗಟ್ಟಲೆ ಹಿಡಿಯಿತು. ಮೊಣಕೈಗಳನ್ನು ತೊಡೆಗೆ ಒತ್ತಿ ಹಿಡಿದು ಕಡ್ಡಿ ಪೋಣಿಸುತ್ತಿದ್ದ. ಬೆಂಡ್ ತೆಗೆಯುವ ಹಂತಕ್ಕೆ ಬಂದಾಗ ಬಲಗೈ ಮಣಿಕಟ್ಟನ್ನು ಹಳೆಯ ಟ್ಯೂಬಿನ ತುಂಡಿನಿಂದ ಸ್ಟ್ಯಾಂಡಿಗೆ ಕಟ್ಟಿಸಿಕೊಂಡ. ಕಟ್ಟಿದ್ದು ಅಲ್ಲೇ ಕೂತಿದ್ದ ಗಿರಾಕಿ, ಪಕ್ಕದ ಬೀದಿಯ ಹಲ್ಲಿನ ಡಾಕ್ಟರು. ರಜೆಯಲ್ಲಿ ಗುಡ್ಡ ಹತ್ತುವ ಹುಚ್ಚಿದ್ದ ಅವರು ತಮ್ಮ ಸೈಕಲ್ಲಿನ ನೆಪದಲ್ಲಿ ಆಗಾಗ ಬಂದು ಮುದುಕನ ಚಕ್ರ ಎಲ್ಲಿಗೆ ಬಂತೆಂದು ನೋಡಿಹೋಗುತ್ತಿದ್ದರು.

ಮುಗಿದ ದಿನವೂ ಡಾಕ್ಟರು ಅಲ್ಲಿದ್ದರು. ಅಪ್ಪ, "ನೋಡು," ಎಂದು ಮಗಳನ್ನು ಕರೆದು ತಾನೇ ಒಂದು ಕಾಗದದ ಚೂರು ಹರಿದು ಕೊಟ್ಟ. ಅವಳು ಅದನ್ನು ರಿಮ್ಮಿನ ಪಕ್ಕ ಹಿಡಿದು ಚಕ್ರ ತಿರುಗಿಸಿದಳು. ಸುತ್ತಿನಲ್ಲಿ ಒಂದೇ ಒಂದು ಕಡೆ ಕಾಗದ ಅಲುಗಿತೋ ಇಲ್ಲವೋ ಎನ್ನುವಷ್ಟು ಅಲುಗಿತು. ಯಾವ ಗಿರಾಕಿಗೂ ಧಾರಾಳವಾಗಿ ಕೊಡಬಹುದಾದ ಚಕ್ರ. ಇದಕ್ಕಿಂತ ಬೆಂಡಾದ ಚಕ್ರಗಳನ್ನು ಅವಳೇ ಎಷ್ಟೋ ಸಲ ಕಳಿಸಿದ್ದಳು.

ಅವಳು ಕಟಿಂಗ್ ಪ್ಲೇಯರ್ ತೆಗೆದುಕೊಂಡಳು.

ಮೊದಲ ಕಡ್ಡಿ ಟಣ್ ಎಂದಾಗ ಡಾಕ್ಟರು ಎದ್ದುನಿಂತರು. ಅವಳು ಅವಸರ ಮಾಡಲಿಲ್ಲ. ಒಂದಾದ ಮೇಲೆ ಒಂದು, ಕೊನೆಯದರವರೆಗೂ ಕತ್ತರಿಸಿ, ರಿಮ್ಮನ್ನು ಅಪ್ಪನ ಮಡಿಲಿಗೆ ಹಾಕಿದಳು. ಅವನ ಕಣ್ಣು ಅಷ್ಟೂ ಹೊತ್ತು ಅವಳ ಕೈಯನ್ನೇ ನೋಡುತ್ತಿತ್ತು. ಆಮೇಲೆ ರಿಮ್ಮನ್ನು ಗೋಡೆಗೆ ಒರಗಿಸಿ, ಟೋಪಿ ಹಾಕಿಕೊಂಡು ಹೊರಟುಹೋದ.

"ಇದು ಬೇಕಿತ್ತಾ?" ಎಂದರು ಡಾಕ್ಟರು.

"ನಿಮ್ಮ ಹಲ್ಲಿನ ಕೆಲಸದಲ್ಲಿ ನಾನು ಯಾವತ್ತಾದ್ರೂ ಬಾಯಿ ಹಾಕಿದ್ದೀನಾ, ಡಾಕ್ಟ್ರೇ?"

ಹೊಟ್ಟೆ ತಣ್ಣಗಾಯಿತು ಎನ್ನುತ್ತಾರಲ್ಲ, ಹಾಗೆ ಆಗಿತ್ತು ಅವಳಿಗೆ. ಚೆನ್ನಾಗಿ ಉಂಡಳು, ಚೆನ್ನಾಗಿ ನಿದ್ದೆ ಮಾಡಿದಳು. ಅಪ್ಪ ಮತ್ತೆ ಅಂಗಡಿಗೆ ಬರಲಿಲ್ಲ. ಬರುವುದೂ ಬೇಕಿರಲಿಲ್ಲ.

ಸ್ವಲ್ಪ ದಿನಗಳ ಮೇಲೆ ಹಲ್ಲಿನ ಡಾಕ್ಟರು ಬ್ರೇಕ್ ಸರಿಮಾಡಿಸಲು ಬಂದವರು, ಹೇಳಲೋ ಬೇಡವೋ ಎಂಬಂತೆ ಶುರುಮಾಡಿದರು. ಅವಳ ಅಪ್ಪ ಈಗ ದೊಡ್ಡ ರಸ್ತೆಯ ಹೊಸ ಸೈಕಲ್ ಅಂಗಡಿಯ ಹೊರಗೆ ಕೂರುತ್ತಾನಂತೆ. ಮಾಲೀಕ ಒಂದು ಬಟ್ಟೆ ಕೊಟ್ಟು ಸೀಟು ಒರೆಸಲು ಹೇಳಿದ್ದಾನಂತೆ.

"ಕೂರ್ಲಿ ಬಿಡಿ," ಎಂದಳು.

"ಕೂತಿರೋದಷ್ಟೇ ಅಲ್ಲ. ಬಂದವರಿಗೆಲ್ಲ ನಿಮ್ಮ ವಿಷಯ ಹೇಳ್ತಾರೆ. ನಿಜವಾದ ಕೆಲಸ ಬೇಕಾದ್ರೆ ನನ್ನ ಮಗಳ ಹತ್ರ ಹೋಗಿ, ಅವಳ ಥರ ಚಕ್ರ ಕಟ್ಟೋರು ಈ ಊರಲ್ಲಿಲ್ಲ ಅಂತ. ನಾನು ಕಟ್ಟಿದ್ದನ್ನೇ ಕತ್ತರಿಸಿ ಬಿಸಾಕಿದ್ಲು, ಅಪ್ಪ ಅಂತಾನೂ ನೋಡ್ಲಿಲ್ಲ, ನಾನು ಕಲಿಸಿದ್ದು ಸರಿಯಾಗೇ ಇದೆ ಅಂತ ಆವತ್ತು ಗೊತ್ತಾಯ್ತು ಅಂತ."

ಅವಳ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. "ಅಳ್ತಾ ಹೇಳ್ತಾನಾ?"

"ಇಲ್ಲ, ಹೆಮ್ಮೆಯಿಂದ."

ಅವಳು ಗಿರಾಕಿಯನ್ನು ಅಲ್ಲೇ ಬಿಟ್ಟು, ಕೈಯ ಗ್ರೀಸನ್ನೂ ಒರೆಸಿಕೊಳ್ಳದೆ ದೊಡ್ಡ ರಸ್ತೆಗೆ ನಡೆದಳು. ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಕ್ಕಳ ಸೈಕಲ್ಲೊಂದರ ಸೀಟು ಒರೆಸುತ್ತಿದ್ದ.

"ಜನಕ್ಕೆ ಏನೇನು ಹೇಳ್ತಿದ್ದೀಯಪ್ಪಾ?"

"ಇದ್ದದ್ದನ್ನೇ. ಕತ್ತರಿಸೋವಾಗ ನಿನ್ನ ಕೈ ಒಂಚೂರೂ ನಡುಗಲಿಲ್ಲ. ನೋಡ್ತಾನೇ ಇದ್ದೆ. ನನ್ನ ಮಗಳು ಅನ್ನಿಸ್ತು."

ಈ ಮಾತಿಗಾಗಿ ಅವಳು ಬಾಲ್ಯವಿಡೀ ಕಾದಿದ್ದಳು. ಈಗ ಅದು ಬೇಕಿರಲಿಲ್ಲ. ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು:

"ಅದು ಕೆಲಸ ಅಲ್ಲ ಕಣಪ್ಪ, ಸೇಡು. ನಿನ್ನ ಚಕ್ರ ಸರಿಯಾಗೇ ಇತ್ತು. ನಿನಗೆ ನೋವಾಗ್ಲಿ ಅಂತಾನೇ ಕತ್ತರಿಸಿದೆ."

ಅವನು ಸೀಟು ಒರೆಸುವುದನ್ನು ನಿಲ್ಲಿಸಿ ಯೋಚಿಸಿದ. ತಲೆಯಾಡಿಸಿದ.

"ಇಲ್ಲ. ಕಾಗದ ತಾಗ್ತಿತ್ತು."

"ತಾಗ್ಲಿಲ್ಲ ಅಂತೀನಲ್ಲ."

"ನಾನೂ ನೋಡಿದ್ನಲ್ಲ, ತಾಗ್ತು. ನೀನು ಮಾಡಿದ್ದೇ ಸರಿ," ಎಂದು ಅವನು ಮತ್ತೆ ಸೀಟಿಗೆ ಬಟ್ಟೆ ಹಾಕಿದ. ಅವಳು ಇನ್ನೇನು ಹೇಳಿದ್ದರೂ ಅವನಿಗೆ ತಟ್ಟುತ್ತಿರಲಿಲ್ಲ. ಅವಳು ಮಾಡಿದ ಕ್ರೌರ್ಯವನ್ನೂ ಅವನು ತನ್ನ ಲೆಕ್ಕಕ್ಕೇ ಜಮಾ ಮಾಡಿಕೊಂಡಿದ್ದ.

ಈ ಕತೆಯೆಲ್ಲ ಅಮ್ಮನ ಕಿವಿಗೆ ಬಿದ್ದದ್ದು ಅಪ್ಪನ ಬಾಯಿಂದಲೇ. ಊಟಕ್ಕೆ ಕೂತಾಗ ಅವನು ಅದನ್ನು ಒಳ್ಳೆಯ ಸುದ್ದಿಯಂತೆ ಹೇಳಿದ. ಅಮ್ಮ ಮಾರನೆಯ ಬೆಳಿಗ್ಗೆ ಅವನನ್ನು ಕೈಹಿಡಿದು ಮಗಳ ಅಂಗಡಿಗೆ ಕರೆತಂದಳು. ಇನ್ನೊಂದು ಕೈಯಲ್ಲಿ ಬ್ಯಾಗಿತ್ತು.

"ತಗೋ ನಿಮ್ಮಪ್ಪನ್ನ," ಎಂದಳು. "ನಾನು ಅಕ್ಕನ ಊರಿಗೆ ಹೋಗ್ತಿದ್ದೀನಿ. ಅಲ್ಲೊಂದು ಲಾಂಡ್ರೀಲಿ ಕೆಲಸ ಇದೆಯಂತೆ."

"ನನ್ನ ಮೇಲೆ ಯಾಕಮ್ಮ ಕೋಪ? ನಿನಗೆ ನಾನೇನು ಮಾಡಿದೆ?"

"ನನಗೇನೂ ಮಾಡಿಲ್ಲ. ಅವರೂ ಹಾಗೇ ಅಂತಾರೆ. ಒಬ್ಬರನ್ನ ಸಹಿಸ್ಕೊಂಡೆ. ಅದೇ ಅಚ್ಚು ಇನ್ನೊಂದು ಬೇಡ." ಅಪ್ಪನ ಮಾತ್ರೆಗಳ ಪೊಟ್ಟಣವನ್ನು ಬೆಂಚಿನ ಮೇಲಿಟ್ಟು, ಯಾವುದು ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಹೇಳಿ, ಅಮ್ಮ ಹೊರಟಳು. ಹೆಂಡತಿ ಎಲ್ಲಿಗೆ ಹೋಗುತ್ತಿದ್ದಾಳೆ ಎಂದು ಅಪ್ಪ ಕೇಳಲಿಲ್ಲ. ಗೋಡೆಗೆ ತೂಗುಹಾಕಿದ್ದ ಒಂದು ಫ್ರೇಮಿನ ಬೆಸುಗೆ ನೋಡುತ್ತಿದ್ದ.

ಹೀಗೆ ಅಪ್ಪ ಮಗಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಒಟ್ಟಿಗೆ ಬದುಕಬೇಕಾಯಿತು. ಹಳೆಯ ಮನೆ ಖಾಲಿ ಮಾಡುವಾಗ ಅವನ ಸೈಕಲ್‌ಗಳನ್ನು ಅವಳು ಒಂದೊಂದಾಗಿ ಬಿಚ್ಚಿದಳು, ಬೇಕಾದ ಭಾಗಗಳನ್ನು ಬೇರೆ ಸೈಕಲ್‌ಗಳಿಗೆ ಹಾಕಿದಳು, ಉಳಿದದ್ದು ಗುಜರಿಗೆ ಹೋಯಿತು. ಅವನ ಕಣ್ಣೆದುರೇ ಮಾಡಿದಳು. ಅವನು ಪಕ್ಕದಲ್ಲಿ ಕೂತು ಯಾವ ಬೋಲ್ಟು ಎತ್ತ ತಿರುಗಿಸಬೇಕೆಂದು ಹೇಳಿಕೊಟ್ಟ. ಅವಳು ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು, ಗಡ್ಡ ಹೆರೆಯುತ್ತಿದ್ದಳು, ಕೊನೆಕೊನೆಗೆ ತುತ್ತು ಕೊಡುತ್ತಿದ್ದಳು. ಬೀದಿಯ ಜನ ಇಂಥ ಮಗಳು ಎಲ್ಲರಿಗೂ ಸಿಗುವುದಿಲ್ಲ ಎಂದರು. ಕೋಣೆಯೊಳಗೆ ಅವರಿಬ್ಬರ ನಡುವೆ ಏನು ಮಾತಾಗುತ್ತಿತ್ತೆಂದು ಕೇಳಿಸಿಕೊಂಡಿದ್ದರೆ ಹಾಗೆನ್ನುತ್ತಿರಲಿಲ್ಲ. ಕಾಯಿಲೆ ಅವನ ನಾಲಿಗೆಗೂ ಇಳಿದು ಮಾತು ನಿಂತ ಮೇಲೆ ಅವಳೊಬ್ಬಳೇ ಬೈಯುತ್ತಿದ್ದಳು. ಸ್ವಲ್ಪ ದಿನ ಬೈದು, ಅವಳೂ ಸುಮ್ಮನಾದಳು.

ಅವನು ಸತ್ತಾಗ ಅಮ್ಮ ಬಂದಳು. ಆಗಬೇಕಾದ್ದೆಲ್ಲ ಆಗುವವರೆಗೆ ಇದ್ದು, ಮೈ ಕೈ ತೊಳೆದುಕೊಂಡು ಬ್ಯಾಗು ಎತ್ತಿಕೊಂಡಳು. ಮೊದಲಿಗಿಂತ ಮೈತುಂಬಿಕೊಂಡಿದ್ದಳು, ಸೀರೆ ಚೊಕ್ಕವಾಗಿತ್ತು.

"ಇನ್ನು ಇಲ್ಲೇ ಇರಮ್ಮ," ಎಂದಳು ಮಗಳು. "ಅಲ್ಲಿ ಒಬ್ಬಳೇ ಯಾಕಿರ್ತೀಯ? ನಾನು ನೋಡ್ಕೋತೀನಿ."

ಅಮ್ಮ ಬ್ಯಾಗನ್ನು ಹೆಗಲಿಗೇರಿಸಿದಳು. ಅವಳ ದನಿಯಲ್ಲಿ ಕೋಪವೇನೂ ಇರಲಿಲ್ಲ.

"ಬೇಡ ಕಣೇ. ಅಲ್ಲಿ ನನಗೆ ಯಾರೂ ಏನೂ ಅನ್ನಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆ ಹೊರಟಳು. ಬಿಟ್ಟು ಬರುತ್ತೇನೆ ಎಂದು ಮಗಳು ಎದ್ದಳು. ಅದೂ ಬೇಡ ಎಂದಳು ಅಮ್ಮ.