ಅಜ್ಜಿಗಾಗಿ ರುಚಿ ನೋಡಿದ ಬೆಲ್ಲ

ಒಂದೊಂದು ಪದಾರ್ಥಕ್ಕೂ ಒಂದೊಂದು ಅಂಗಡಿ ಹತ್ತಿ ಇಳಿಯಬೇಕಿದ್ದ ಕಾಲ ಅದು. ಶಿಕಾರಿಪುರದ ಸಂತೆಗೆ ಹೋದರೆ ಮೆಣಸಿನಕಾಯಿ ಅಂಗಡಿಯಲ್ಲಿ ಸೀನಿ, ಎಣ್ಣೆಗೆ ಗಾಣದ ಮುಂದೆ ಕಾದು, ಮಂಡಕ್ಕಿ ಭಟ್ಟಿಯಲ್ಲಿ ಬಿಸಿಬಿಸಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಕೊನೆಗೆ ಬೆಲ್ಲದಂಗಡಿಗೆ ಬರುತ್ತಿದ್ದೆವು. ಅಲ್ಲಿ ಬೆಲ್ಲ ಬಿಟ್ಟರೆ ಬೇರೇನೂ ಇಲ್ಲ. ಅಚ್ಚುಬೆಲ್ಲ, ದೊಡ್ಡ ಗಟ್ಟಿಗಳ ಪೆಂಟೆಬೆಲ್ಲ, ಸೊರಬದ ಕಡೆಯಿಂದ ಡಬ್ಬದಲ್ಲಿ ಬರುವ ನೀರಾದ ಜೋನಿಬೆಲ್ಲ. ಒಳಗೆ ಕಾಲಿಟ್ಟರೆ ನೆಲ ಅಂಗಾಲಿಗೆ ಅಂಟುತ್ತಿತ್ತು. ಅಂಗಡಿಯ ಸಾವ್ಕಾರರು ಚಾಕುವಿನಿಂದ ಚೂರು ಕೆತ್ತಿ ಅಂಗೈಗೆ ಹಾಕುತ್ತಿದ್ದರು. ತಿಂದು ನೋಡದೆ ಯಾರೂ ಒಯ್ಯುತ್ತಿರಲಿಲ್ಲ, ಅವರೂ ಕೊಡುತ್ತಿರಲಿಲ್ಲ.

ನಮ್ಮದು ಉಡುತಡಿ ಹತ್ತಿರದ ಹಳ್ಳಿ, ಕುರಿ ಸಾಕಿದ ಮನೆ. ಊರಲ್ಲಿ ಯಾರ ಮನೆ ಮದುವೆಯಾದರೂ ಹೋಳಿಗೆಯ ಬೆಲ್ಲ ಆರಿಸಲು ನಮ್ಮಜ್ಜಿಯೇ ಬೇಕು. ಉಪ್ಪುನೀರಿನ ಹೊಲದ ಕಬ್ಬಾದರೆ ಬೆಲ್ಲವೂ ಉಪ್ಪು. ನೋಡಲು ಬಂಗಾರದ ಹಾಗಿದ್ದರೂ ಹೂರಣ ಕೆಡುತ್ತದೆ. ಅಜ್ಜಿ ಅದನ್ನು ನಾಲಿಗೆ ತುದಿಯಲ್ಲೇ ಹಿಡಿಯುತ್ತಿದ್ದಳು. ಬೇರೆ ದಿನ ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡುವ ಊರ ಗೌಡರು ಬೆಲ್ಲ ತರುವ ದಿನ ಅವಳ ಹಿಂದೆ ನಡೆಯುತ್ತಿದ್ದರು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಜ್ಜಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಬಾಯಿರುಚಿ ಮಾತ್ರ ವಾಪಸು ಬರಲಿಲ್ಲ. ಖಾರ, ಹುಳಿ ಯಾವುದೂ ತಿಳಿಯುತ್ತಿಲ್ಲವೆಂದು ನನಗೊಬ್ಬಳಿಗೇ ಹೇಳಿದ್ದಳು. ಅಷ್ಟರಲ್ಲಿ ಗೌಡರ ಮಗಳ ಮದುವೆ ಗೊತ್ತಾಯಿತು. ಬರುವುದಿಲ್ಲ ಅಂದರೆ ಯಾಕೆ ಅನ್ನುತ್ತಾರೆ. ಕಾರಣ ತಿಳಿದರೆ ಇನ್ನು ಯಾರೂ ಕರೆಯುವುದಿಲ್ಲ. ಅಜ್ಜಿ ನನ್ನನ್ನೂ ಹೊರಡಿಸಿದಳು. ಚೂರಿನಲ್ಲಿ ಅರ್ಧ ನನಗೆ ಕೊಡುವುದು, ಉಪ್ಪಿದ್ದರೆ ನಾನು ಅವಳ ಕೈ ಅದುಮುವುದು. ಬಾಯಿ ಕೆಡಬಾರದೆಂದು ಅವತ್ತು ಮಂಡಕ್ಕಿಯೂ ಇಲ್ಲ.

ಸಾವ್ಕಾರರು ಕೆತ್ತಿದ ಮೊದಲ ಪೆಂಟೆ ಹೊಳೆಯುವ ಹಳದಿ. ಗೌಡರಿಗೆ ನೋಡಿದ ಕೂಡಲೇ ಮನಸ್ಸಾಯಿತು. ಬಾಯಲ್ಲಿಟ್ಟೆ. ಸಿಹಿ. ಕರಗಿ ಗಂಟಲಿಗೆ ಇಳಿಯುವ ಹೊತ್ತಿಗೆ ಉಪ್ಪು. ಕೈ ಅದುಮಿದೆ.

"ಇದು ಬ್ಯಾಡ ಗೌಡ್ರೆ, ಉಪ್ಪೈತಿ," ಅಂದಳು ಅಜ್ಜಿ.

ಗೌಡರು ನಕ್ಕರು. "ನೀ ಇನ್ನೂ ಬಾಯಾಗೇ ಹಾಕ್ಕಂಡಿಲ್ಲಲ್ಲ ಅಜ್ಜಿ. ಕೈಯಾಗಿನ ಬೆಲ್ಲ ಉಪ್ಪು ಅಂತ ಹೆಂಗೆ ಗೊತ್ತಾತು?"

ನಿಜ, ಅವಳ ಪಾಲಿನ ಚೂರು ಅಂಗೈಯಲ್ಲೇ ಇತ್ತು. ನಾನು ಅವಳ ಇನ್ನೊಂದು ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಸಾವ್ಕಾರರು ನಮ್ಮಿಬ್ಬರ ಕೈ ನೋಡಿದರು, ನನ್ನ ಬಾಯಿ ನೋಡಿದರು. ತಾವೇ ಒಂದು ಚೂರು ಬಾಯಿಗೆ ಹಾಕಿಕೊಂಡು ಚಪ್ಪರಿಸಿ, ಪೆಂಟೆಯನ್ನು ಪಕ್ಕಕ್ಕೆ ತಳ್ಳಿದರು.

"ಉಪ್ಪೇ ಐತ್ರಿ ಗೌಡ್ರೆ. ಅಜ್ಜಿಗೆ ಕೈಯಾಗ ಹಿಡಿದ್ರೂ ತಿಳೀತೈತಿ." ಮುಂದಿನ ಚೂರನ್ನು ನೇರ ನನ್ನ ಅಂಗೈಗೇ ಹಾಕಿದರು. "ಮೊಮ್ಮಗಳೂ ಕಲೀಲಿ. ಮೊದ್ಲು ಆಕಿ ನೋಡ್ಲಿ ತಗಳ್ರಿ."

ಕೊನೆಗೆ ಒಪ್ಪಿದ್ದು ಕಪ್ಪನೆಯ, ಚೆಂದವಿಲ್ಲದ ಪೆಂಟೆ. ಗೌಡರು ಗೊಣಗುತ್ತಲೇ ಹೊರಿಸಿದರು.

ಬಸ್ ಸ್ಟ್ಯಾಂಡಿನಲ್ಲಿ ಅಜ್ಜಿ ಮೆಲ್ಲಗೆ ಕೇಳಿದಳು, ಅದು ಹೆಂಗಿತ್ತು ಅಂತ. ಸಿಹಿ ಇತ್ತು ಅಂದೆ.

"ಸಿಹಿ ಎಲ್ಲಾ ಬೆಲ್ಲಾನೂ ಇರ್ತೈತಿ. ಇದು ಎಂಥಾದ್ದು, ಅದನ್ನ ಹೇಳು."

ಯೋಚಿಸಿ ಹೇಳಿದೆ: "ಲಗೂನ ಗೊತ್ತಾಗಲ್ಲ ಅಜ್ಜಿ. ಕರಗಿದ ಮ್ಯಾಲೆ ಬರ್ತೈತಿ. ಆಲೆಮನಿ ಹೊಗಿ ವಾಸ್ನಿ ಸ್ವಲ್ಪ ಐತಿ."

ಅಜ್ಜಿ ಬರಿಯ ಬಾಯಿ ಚಪ್ಪರಿಸಿದಳು. "ಹಂಗಾರೆ ಚಲೋದು," ಅಂದಳು.

ಅವಳಿಗೆ ರುಚಿ ಕೊನೆಯವರೆಗೂ ಬರಲಿಲ್ಲ, ಊರಿಗೆ ಅದು ತಿಳಿಯಲೂ ಇಲ್ಲ. ಅವಳಿರುವ ತನಕ ಎಲ್ಲ ಮದುವೆಗೂ ನಾವಿಬ್ಬರೇ ಹೋಗಿ ಬೆಲ್ಲ ಆರಿಸಿದೆವು. ಸಾವ್ಕಾರರು ಚೂರನ್ನು ಯಾವಾಗಲೂ ಮೊದಲು ನನಗೇ ಕೊಡುತ್ತಿದ್ದರು.

ಆಮೇಲೆ ನಾನು ಡಿಗ್ರಿ ಓದಿದೆ. ನಮ್ಮ ಮನೆತನದಲ್ಲಿ ನಾನೇ ಮೊದಲು, ಹೇಳಿಕೊಳ್ಳಲು ಸಂಕೋಚವಿಲ್ಲ. ಈಗ ಸೊರಬದಲ್ಲಿ ನೌಕರಿ. ಬೇಳೆ, ಸೋಪು, ಬೆಲ್ಲ ಎಲ್ಲ ಒಂದೇ ಅಂಗಡಿ. ಬೆಲ್ಲ ಪ್ಲಾಸ್ಟಿಕ್ಕಿನೊಳಗೆ ಸೀಲಾಗಿ ಬರುತ್ತದೆ. ಕೆಟ್ಟದ್ದೆಂದು ಹೇಳಲಾರೆ. ಆದರೆ ಬಾಯಿರುಚಿ ಇದ್ದವರೂ ಇಲ್ಲದವರೂ ಅದನ್ನು ಒಂದೇ ರೀತಿ ಬುಟ್ಟಿಗೆ ಹಾಕಿಕೊಂಡು ಹೋಗುತ್ತೇವೆ.