ಗ್ಯಾರೇಜಿನ ಊದುಬತ್ತಿ

ಅಮೆರಿಕದಲ್ಲಿ ಗೈದರ್ಸ್‌ಬರ್ಗ್‌ನಿಂದ ಸೆಂಟರ್‌ವಿಲ್‌ವರೆಗೆ ಹರಡಿಕೊಂಡಿರುವ ನಮ್ಮ ಕನ್ನಡದವರ ಬಳಗದಲ್ಲಿ ನಾನು ಹನ್ನೊಂದು ವರ್ಷ ದೊಡ್ಡ ದೈವಭಕ್ತನೆಂದು ಹೆಸರಾಗಿದ್ದೆ. ಇದಕ್ಕಾಗಿ ನಾನು ಒಂದು ಸ್ತೋತ್ರವನ್ನೂ ಬಾಯಿಪಾಠ ಮಾಡಲಿಲ್ಲ, ಒಂದು ಏಕಾದಶಿಯೂ ಉಪವಾಸ ಇರಲಿಲ್ಲ. ನನ್ನ ಕೋಟಿನಿಂದ ಊದುಬತ್ತಿಯ ವಾಸನೆ ಬರುತ್ತಿತ್ತು, ಅಷ್ಟೇ. ಯಾರ ಮನೆಗೆ ಹೋದರೂ ಬಾಗಿಲಲ್ಲಿ ಕೋಟು ತೆಗೆದುಕೊಂಡ ಆಂಟಿಯೊಬ್ಬರು ಅದನ್ನು ಮೂಸಿ, "ನೋಡಿ, ಪೂಜೆ ಮುಗಿಸ್ಕೊಂಡೇ ಬಂದಿದಾರೆ, ನಮ್ಮನೆಯೋರಿಗೂ ಸ್ವಲ್ಪ ಹೇಳ್ಕೊಡಿ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಅವರು ಅದನ್ನು ವಿನಯವೆಂದು ತಿಳಿದು ಮಂಗಳಾರತಿ ತಟ್ಟೆಯನ್ನೂ ನನ್ನ ಕೈಗೇ ಕೊಡುತ್ತಿದ್ದರು.

ನಿಜ ಸಂಗತಿ ಹೇಳಿಬಿಡುತ್ತೇನೆ. ನಾನು ಸಿಗರೇಟು ಸೇದುವವನು. ಸೇದುವ ಜಾಗ ನಮ್ಮ ಗ್ಯಾರೇಜು. ಅಲ್ಲಿ ಹಿಮ ಬಾಚುವ ಸಲಿಕೆಗೂ ಲಾನ್‌ಮೋವರಿಗೂ ನಡುವಿನ ಕಪಾಟಿನಲ್ಲಿ, ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಗಣಪತಿಯ ಪಟ ಇಟ್ಟಿದ್ದೆ. ಮೊದಲು ಅವನಿಗೊಂದು ಊದುಬತ್ತಿ, ಆಮೇಲೆ ನನಗೊಂದು ಸಿಗರೇಟು. ಹೆಂಡತಿ ಸುಮಾಗೆ ಎಲ್ಲ ಗೊತ್ತಿತ್ತು. ಅವಳು ಹಾಕಿದ ಷರತ್ತು ಎರಡೇ: ಮಗಳಿಗೆ ಗೊತ್ತಾಗಬಾರದು, ಲಾನ್‌ಮೋವರ್ ಪಕ್ಕದ ಪೆಟ್ರೋಲ್ ಕ್ಯಾನು ಬೇರೆ ಕಡೆ ಇಡಬೇಕು. ಎರಡನೆಯದನ್ನು ನಾನು ಅಂದೇ ಪಾಲಿಸಿದೆ. ಮೊದಲನೆಯದಕ್ಕಾಗಿ ಭಕ್ತನಾದೆ. ಕೋವಿಡ್ ಬಂದು ಆಫೀಸು ಮನೆಯೊಳಗೇ ನುಗ್ಗಿದ ಮೇಲಂತೂ ನನ್ನ ಭಕ್ತಿ ಮಿತಿಮೀರಿತು. ಮಠದಲ್ಲೂ ತ್ರಿಕಾಲ ಪೂಜೆಯಷ್ಟೇ. ನನ್ನದು ದಿನಕ್ಕೆ ಎಂಟು.

ಈ ವೃತ್ತಿಯಲ್ಲಿ ನನಗೆ ಒಳ್ಳೆಯ ಪಾಂಡಿತ್ಯವೂ ಬಂತೆಂದು ಹೇಳದಿದ್ದರೆ ನನಗೇ ಅನ್ಯಾಯ ಮಾಡಿಕೊಂಡಂತೆ. ಮಲ್ಲಿಗೆ ಊದುಬತ್ತಿ ಸಿಗರೇಟಿನ ಮುಂದೆ ಎರಡು ನಿಮಿಷವೂ ನಿಲ್ಲುವುದಿಲ್ಲ. ಗುಲಾಬಿ ಅದರ ಜೊತೆ ಸೇರಿಕೊಂಡು ಮೂರನೆಯದೇ ಒಂದು ದುರ್ವಾಸನೆಯಾಗುತ್ತದೆ. ಶ್ರೀಗಂಧ ಸಂಭಾವಿತ, ಜಗಳಕ್ಕೇ ಇಳಿಯುವುದಿಲ್ಲ. ಹಾಲುಮಡ್ಡಿಯ ಮರದಂಟು ಸೇರಿಸಿದ ದಪ್ಪ ಬತ್ತಿ ಇದೆಯಲ್ಲ, ಸ್ವಲ್ಪ ಜಿಗುಟಾಗಿ ಕೈಗೆ ಅಂಟುವಂಥದ್ದು, ಅದೊಂದೇ ಗೆಲ್ಲುತ್ತದೆ. ದೇವರಿಗೂ ಮನುಷ್ಯರಿಗೂ ನಡುವೆ ಹೊಗೆಯ ವ್ಯವಹಾರ ಬಹಳ ಹಳೆಯದು. ಧೂಪ, ಸಾಂಬ್ರಾಣಿ, ಗುಗ್ಗುಳ, ಹೋಮ ಎಂದು ನಮ್ಮವರು ಮೇಲಿನವನಿಗೆ ಹೇಳಬೇಕಾದ್ದನ್ನೆಲ್ಲ ಹೊಗೆಯ ಕೈಯಲ್ಲೇ ಕಳಿಸಿದ್ದಾರೆ. ಆ ಹೊಗೆಯನ್ನು ಅಡ್ಡಗೋಡೆಯಾಗಿ ಬಳಸಿಕೊಂಡವನು ನಾನೊಬ್ಬನೇ ಇರಬೇಕು.

ನಾನು ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ಎದುರು ಮನೆಯ ಪುಟ್ಟಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕುಳಿತು ಇಡೀ ದಿನ ಊದುಬತ್ತಿ ಹೊಸೆಯುತ್ತಿದ್ದರು. ಮಣೆಯ ಮೇಲೆ ಕಪ್ಪು ಹಿಟ್ಟಿನ ಉಂಡೆ, ಪಕ್ಕದಲ್ಲಿ ಬಿದಿರು ಕಡ್ಡಿಯ ಕಟ್ಟು. ಅಂಗೈ ಸದಾ ಇದ್ದಿಲ ಬಣ್ಣ. ನಾವು ಮಕ್ಕಳು ಒಂದೆರಡು ಹೊಸೆಯಲು ಹೋಗಿ ಸೊಟ್ಟಗೆ ಮಾಡಿದರೆ ಕಸಿದುಕೊಂಡು, "ದೇವ್ರ ಮುಂದೆ ಉರಿಯೋದು ಕಣ್ರೋ, ನೆಟ್ಟಗಿರ್ಬೇಕು" ಎಂದು ಬಿಚ್ಚಿ ಮತ್ತೆ ಹೊಸೆಯುತ್ತಿದ್ದರು. ಗ್ಯಾರೇಜಿನಲ್ಲಿ ಕಡ್ಡಿ ಗೀರುವಾಗ ಆಗೊಮ್ಮೆ ಈಗೊಮ್ಮೆ ಪುಟ್ಟಮ್ಮನ ನೆನಪಾಗುತ್ತಿತ್ತು. ಆಗ ಒಂದು ಸಿಗರೇಟು ಹೆಚ್ಚಾಗಿ ಸೇದುತ್ತಿದ್ದೆ.

ಹೀಗೆ ನಡೆದುಕೊಂಡು ಹೋಗುತ್ತಿದ್ದುದು ನಿಂತದ್ದು ಕಳೆದ ಚಳಿಗಾಲದಲ್ಲಿ. ಮಗಳು ಅನಘಾಳನ್ನೂ ಅವಳ ಗೆಳತಿ ಎಮ್ಮಾಳನ್ನೂ ಪಿಟೀಲಿನ ಅಣ್ಣನಂಥ ವಯೋಲಾ ಕ್ಲಾಸಿಗೆ ಡ್ರೈವ್ ಮಾಡಿಕೊಂಡು ಹೋಗುವುದು ಪ್ರತಿ ಶನಿವಾರದ ನನ್ನ ಪಾಳಿ. ಅವತ್ತು ಹಿಂದಿನ ಸೀಟಿನಲ್ಲಿ ಎಮ್ಮಾ ಮೂಗು ಸುಕ್ಕಿಸಿ, ಕಾರಿನಲ್ಲಿ ಸಿಗರೇಟು ವಾಸನೆ ಬರುತ್ತಿದೆಯಲ್ಲ ಎಂದಳು. ನನ್ನ ಹನ್ನೆರಡು ವರ್ಷದ ಮಗಳು ಒಂದು ಕ್ಷಣವೂ ತಡೆಯಲಿಲ್ಲ. "ನೋ, ದಟ್ಸ್ ಇನ್ಸೆನ್ಸ್. ಮೈ ಡ್ಯಾಡ್ ಪ್ರೇಸ್, ಲೈಕ್, ಆಲ್ ದ ಟೈಮ್" ಎಂದಳು. ದನಿಯಲ್ಲಿ ಹೆಮ್ಮೆ ಇತ್ತು. ನನ್ನ ಸುಳ್ಳನ್ನು ನಾನು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೆ, ನಾಚಿಕೆಯಾಗಿರಲಿಲ್ಲ. ಅದನ್ನು ಅವಳ ಬಾಯಲ್ಲಿ, ನಿಜವೆಂದು ನಂಬಿ ಹೇಳಿದ್ದನ್ನು ಕೇಳಿದಾಗ ಕಿವಿ ಬಿಸಿಯಾಯಿತು. ಸಿಗ್ನಲ್ ಹಸಿರಾದದ್ದೂ ಗೊತ್ತಾಗಲಿಲ್ಲ. ಹಿಂದಿನವನು ಹಾರ್ನ್ ಹೊಡೆದ.

ಸಿಗರೇಟು ಬಿಡಬೇಕೆಂದು ಡಾಕ್ಟರ ಬಳಿ ಹೋದೆ. ಅವರು ನಿಕೋಟಿನ್ ಪ್ಯಾಚು, ಚ್ಯೂಯಿಂಗ್ ಗಮ್ಮು ಎಂದೆಲ್ಲ ಹೇಳಿದರು. ನಾನು ಬುದ್ಧಿವಂತ, ವೇಪ್, ಅಂದರೆ ಬ್ಯಾಟರಿ ಸಿಗರೇಟು ಎಂದೆ. ಅದೇನೂ ಅಮೃತವಲ್ಲ, ಹಿಡಿಯುವುದಾದರೆ ನಿಕೋಟಿನ್ ಇಳಿಸುತ್ತಾ ಬಂದು ಅದನ್ನೂ ಬಿಡಬೇಕು ಎಂದು ಅವರು ಕನ್ನಡಕದ ಮೇಲಿಂದ ನೋಡಿದರು. ಉಗುರಿಗೆ ಬಣ್ಣ ಹಚ್ಚುವ ಅಂಗಡಿಯ ಪಕ್ಕದ ವೇಪ್ ಅಂಗಡಿಯಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳು ಔಷಧಿ ಅಂಗಡಿಯವಳ ಗಾಂಭೀರ್ಯದಿಂದ ವೇಪಿಗೆ ತುಂಬುವ ದ್ರವದ ಬಾಟಲಿಗಳನ್ನು ಸಾಲಾಗಿಟ್ಟಳು. ಮಾವಿನಹಣ್ಣು, ಕಲ್ಲಂಗಡಿ, ಹತ್ತಿಮಿಠಾಯಿ. ಶ್ರೀಗಂಧ ಇದೆಯೇ ಎಂದು ಕೇಳಿದೆ. "ಹನಿ, ಇಟ್ಸ್ ನಾಟ್ ಎ ಸ್ಪಾ" ಎಂದಳು.

ಮೊದಲ ವಾರದ ಪ್ರತಾಪವನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ತಲೆನೋವು. ನಿದ್ದೆ ಇಲ್ಲ. ಮೀಟಿಂಗಿನಲ್ಲಿ ಮ್ಯೂಟ್ ಆಗಿದ್ದೇನೆಂದುಕೊಂಡು ಮ್ಯಾನೇಜರನ ಬಗ್ಗೆ ಎರಡು ಮಾತಾಡಿದೆ; ಕನ್ನಡದಲ್ಲಿದ್ದುದರಿಂದ ಬದುಕಿದೆ. ಸುಮಾ ಮಾಡಿಟ್ಟಿದ್ದ ಒಂದು ಡಬ್ಬಿ ಕೋಡುಬಳೆಯನ್ನು ಒಂದೇ ಮಧ್ಯಾಹ್ನ ಮುಗಿಸಿದೆ. ಕೈ ಮಾತ್ರ ಏನು ಕೊಟ್ಟರೂ ಸಮಾಧಾನವಾಗದೆ, ಗಂಟೆಗೊಮ್ಮೆ ಎಡಜೇಬಿಗೆ ಹೋಗಿ ಖಾಲಿಯಾಗಿ ವಾಪಸು ಬರುತ್ತಿತ್ತು. ವೇಪ್ ಏನೋ ಇತ್ತು, ಫೋನಿನ ಪಕ್ಕದಲ್ಲಿ ಚಾರ್ಜಿಗೆ ಹಾಕಿಕೊಂಡು ಕುಳಿತಿತ್ತು. ಚಾರ್ಜ್ ಮಾಡಬೇಕಾದ ಚಟವನ್ನು ನನ್ನ ತಲೆಮಾರಿನವನು ಹೇಗೆ ಗೌರವಿಸುವುದು? ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಅದು ಮುಗಿಯುವುದೇ ಇಲ್ಲ. ಸಿಗರೇಟು ಬೆರಳಿನ ಹತ್ತಿರ ಬಂದು, ಆಯಿತು, ಇನ್ನು ಏಳು ಎನ್ನುತ್ತದೆ. ಇದು ಹಾಗೆ ಹೇಳುವುದಿಲ್ಲ. ಬೆಳಗ್ಗೆ ಬಾಯಿಗಿಟ್ಟರೆ ಸಂಜೆಯವರೆಗೂ ಎಳೆಯುತ್ತಿರಬಹುದು. ನಾನು ಎಳೆದೆ.

ಒಂಬತ್ತನೆಯ ದಿನ ಸೆಂಟರ್‌ವಿಲ್‌ನಲ್ಲಿ ಗೆಳೆಯ ರಘು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬೇಸ್‌ಮೆಂಟಿನ ತುಂಬ ಜನ, ನನಗೆ ಮರ್ಯಾದೆಯಿಂದ ದೇವರ ಎದುರಿಗೇ ಜಾಗ. ಇಲ್ಲಿಗೆ ಬಂದು ಕೂತರೆ ಎರಡು ಗಂಟೆಯಾದರೂ ಆ ಯೋಚನೆ ಇರುವುದಿಲ್ಲ ಎಂದುಕೊಂಡಿದ್ದೆ. ಪುರೋಹಿತರು ಒಂದು ಹಿಡಿ ಊದುಬತ್ತಿ ಹಚ್ಚಿದರು, ಹಾಲುಮಡ್ಡಿಯದ್ದು. ಆ ಹೊಗೆಯ ಮೊದಲ ಎಳೆ ಮೂಗಿಗೆ ತಾಗಿದ್ದೇ ತಡ, ನನ್ನ ಬಾಯಲ್ಲಿ ನೀರೂರಿತು. ಕೈ ತಾನಾಗಿ ಎಡಜೇಬಿಗೆ ಹೋಯಿತು. ಹನ್ನೊಂದು ವರ್ಷ ಮೊದಲು ಊದುಬತ್ತಿ, ಆಮೇಲೆ ಸಿಗರೇಟು. ಗಂಟೆ ಬಾರಿಸಿ ಊಟ ಹಾಕಿ ಹಾಕಿ, ಕೊನೆಗೆ ಬರೀ ಗಂಟೆಗೇ ನಾಯಿಯ ಜೊಲ್ಲು ಸುರಿಸಿದ ವಿಜ್ಞಾನಿಯ ಕಥೆ ಶಾಲೆಯಲ್ಲಿ ಓದಿದ್ದೆ. ಆ ವಿಜ್ಞಾನಿಯೂ ನಾನೇ, ನಾಯಿಯೂ ನಾನೇ ಆಗುತ್ತೇನೆಂದು ತಿಳಿದಿರಲಿಲ್ಲ. ಎದುರಿಗೆ ಸತ್ಯನಾರಾಯಣ ಸ್ವಾಮಿ ಕುಳಿತಿದ್ದಾನೆ, ನನಗೆ ಕಾಣುತ್ತಿರುವುದು ಕಾರಿನ ಗ್ಲೋವ್‌ಬಾಕ್ಸು. ಅದರಲ್ಲಿ ಆಪತ್ಕಾಲಕ್ಕೆಂದು ಇಟ್ಟ ಹಳೆಯ ಪ್ಯಾಕಿತ್ತು.

ಫೋನ್ ಬಂದವನಂತೆ ಎದ್ದು ಹೋದೆ. ಕಾರಿನಲ್ಲಿ ಕುಳಿತು ಸಿಗರೇಟನ್ನು ತುಟಿಗಿಟ್ಟುಕೊಂಡು ಲೈಟರ್ ಹುಡುಕುತ್ತಿದ್ದೆ. ಪಕ್ಕದ ಬಾಗಿಲು ತೆರೆಯಿತು. ಜಾಕೆಟ್ ತೆಗೆದುಕೊಳ್ಳಲು ಬಂದ ಅನಘಾ.

"ಅಪ್ಪಾ, ಈಸ್ ದಟ್ ಎ ಸಿಗರೆಟ್?" ಎಂದಳು. ಆಮೇಲೆ ಡ್ಯಾಶ್‌ಬೋರ್ಡ್ ಮೇಲೆ ಕಣ್ಣು ಹೋಯಿತು. "ಆ್ಯಂಡ್ ಎ ವೇಪ್? ನಮ್ ಸ್ಕೂಲಲ್ಲಿ ಅದಕ್ಕೆ ಸಸ್ಪೆಂಡ್ ಮಾಡ್ತಾರೆ!"

ಸಿಗರೇಟಿಗಿಂತ ಮೇಲು ಎಂದು ನಾನು ಅಭಿಮಾನಪಡುತ್ತಿದ್ದ ವಸ್ತು ಅವಳ ದೃಷ್ಟಿಯಲ್ಲಿ ದೊಡ್ಡ ಅಪರಾಧ. ಇನ್ನು ಸುಳ್ಳು ಹೇಳುವುದಕ್ಕೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ಎಲ್ಲ ಹೇಳಿದೆ. ಗ್ಯಾರೇಜು, ಗಣಪತಿ, ಊದುಬತ್ತಿ, ಒಂಬತ್ತು ದಿನ.

"ಹಾಗಾದ್ರೆ ಪೂಜೆ? ವಾಸ್ ದಟ್ ಆಲ್ ಫೇಕ್?"

"ಹೂಂ, ಮಗಳೇ."

"ಬಟ್ ಐ ಟೋಲ್ಡ್ ಎಮ್ಮಾ" ಎಂದಳು. ಜಾಕೆಟ್ ಬಿಟ್ಟು ಹೊರಟೇಹೋದಳು. ಆ ಸಿಗರೇಟನ್ನು ನಾನು ಹಚ್ಚಲಿಲ್ಲ. ಅದು ನನ್ನ ಸಂಕಲ್ಪಬಲ ಎಂದು ಹೇಳಿಕೊಳ್ಳಲು ಆಸೆಯಿದೆ, ಆದರೆ ಲೈಟರ್ ಸಿಗಲಿಲ್ಲ ಎಂಬುದೂ ನಿಜ.

ನಾಲ್ಕು ದಿನ ಅವಳು ಮಾತಾಡಲಿಲ್ಲ. ನಿಕೋಟಿನ್ ಇಲ್ಲದೆ ಇರಬಹುದು, ಇದು ಕಷ್ಟ. ಐದನೆಯ ದಿನ ಸಂಜೆ ನಾನು ಗ್ಯಾರೇಜಿನಲ್ಲಿ ಸಲಿಕೆಗಳನ್ನು ಅಲ್ಲಿಂದಿಲ್ಲಿಗೆ ಇಡುತ್ತಾ ಚಡಪಡಿಸುತ್ತಿದ್ದಾಗ ಬಂದು ಮೆಟ್ಟಿಲ ಮೇಲೆ ಕುಳಿತಳು. ಬೇಕು ಅನ್ನಿಸುವುದು ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದಳು. ಇಡೀ ದಿನ ಎಂದೆ. "ಡಿಡ್ ಯು ಮೆಷರ್?" ಎಂದಳು. ಇಲ್ಲ. ಜೀವಮಾನವೆಲ್ಲ ಡೇಟಾ ಇಲ್ಲದೆ ಮಾತಾಡಬೇಡಿ ಎಂದು ಟೀಮಿಗೆ ಪಾಠ ಹೇಳಿದವನು ನಾನು.

ಅವಳು ಕಪಾಟಿನಿಂದ ಎರಡು ಊದುಬತ್ತಿ ತೆಗೆದಳು. ಒಂದನ್ನು ಹಚ್ಚಿ ಗಣಪತಿಯ ಮುಂದೆ ಸಿಕ್ಕಿಸಿ, ಇನ್ನೊಂದನ್ನು ಹಚ್ಚದೆ ಪಕ್ಕಕ್ಕಿಟ್ಟಳು. ಆಸೆ ಇಳಿದ ಕ್ಷಣ ಹೇಳಬೇಕು, ಕಡ್ಡಿ ಪೂರ್ತಿ ಮುಗಿಯುವವರೆಗೆ ಏನನ್ನೂ ಮುಟ್ಟಬಾರದು, ವೇಪ್ ಕೂಡ ಎಂದು ಕರಾರು ಹಾಕಿದಳು. ಆ ವಾಸನೆಗೆ ಮೊದಲು ಆಸೆ ಇನ್ನೂ ಜೋರಾಯಿತು. ಗೋಡೆ ಹಿಡಿದು ನಿಂತೆ. ಅವಳು ಏನೇನೋ ಶಾಲೆಯ ಸುದ್ದಿ ಹೇಳಿದಳು, ನನಗೆ ಒಂದೂ ಕೇಳಿಸಲಿಲ್ಲ. ಆಮೇಲೆ ಯಾವಾಗಲೋ ಒಂದು ಮಾತು ಕೇಳಿಸಿತು, ನಕ್ಕೆ. ನೋಡಿದರೆ ಹೋಗಿತ್ತು. ಊದುಬತ್ತಿ ಇನ್ನೂ ಅರ್ಧ ಉಳಿದಿತ್ತು. ಅವಳು ಹಚ್ಚದ ಕಡ್ಡಿಯ ಮೇಲೆ ಅಷ್ಟಕ್ಕೆ ಸರಿಯಾಗಿ ಬಿಳಿ ಮಾರ್ಕರಿನಿಂದ ಗೆರೆ ಎಳೆದಳು.

ನಮ್ಮ ಗೈದರ್ಸ್‌ಬರ್ಗ್ ಇಡೀ ದೇಶದ ತೂಕ-ಅಳತೆಗಳನ್ನು ನಿಗದಿ ಮಾಡುವ ಸರ್ಕಾರಿ ಪ್ರಯೋಗಾಲಯಕ್ಕೆ ಹೆಸರಾದ ಊರು. ಅಲ್ಲಿಯ ಯಂತ್ರಗಳಿಗೆ ಈ ಅಳತೆ ಗೊತ್ತಿರಲಾರದು. ಗೆರೆ ಎಳೆದ ಕಡ್ಡಿಗಳು ಕಪಾಟಿನಲ್ಲಿ ಸಾಲಾಗಿ ನಿಂತವು. ಗೆರೆ ಒಂದೇ ಸಮನೆ ತುದಿಯ ಕಡೆಗೆ ಹೋಯಿತೆಂದು ಹೇಳಲಾರೆ. ಏಪ್ರಿಲಿನಲ್ಲಿ ಮ್ಯಾನೇಜರ್ ಬದಲಾದ ವಾರ ಬುಡದವರೆಗೆ ಇಳಿಯಿತು, ಒಂದು ದಿನ ಎರಡು ಕಡ್ಡಿ ಬೇಕಾಯಿತು. ಒಟ್ಟಿನಲ್ಲಿ ಅರ್ಧ ಇದ್ದದ್ದು ಕಾಲಾಯಿತು, ಆಮೇಲೆ ಉಗುರಿನಷ್ಟು. ವೇಪಿನ ಬಾಟಲಿಯ ನಿಕೋಟಿನ್ನೂ ಮೂರು ಸಲ ಇಳಿಯಿತು. ಅಂಗಡಿಯ ಹೆಂಗಸು ಈಗ ನನ್ನನ್ನು ಕಂಡರೆ, ನೀನು ಹೀಗೇ ಮಾಡಿದರೆ ನಾನು ಅಂಗಡಿ ಮುಚ್ಚಬೇಕಾಗುತ್ತದೆ ಎಂದು ನಗುತ್ತಾಳೆ. ಸಿಗರೇಟಿಗೆ ಇದ್ದ, ವೇಪಿಗೆ ಇಲ್ಲದ ಕೊನೆಯನ್ನು ಊದುಬತ್ತಿ ಕೊಟ್ಟಿತು. ಊದುಬತ್ತಿಯ ಹೊಗೆಯೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂದು ನೀವು ಹೇಳುತ್ತೀರಿ, ಗೊತ್ತು. ಡಾಕ್ಟರೂ ಹೇಳಿದರು. ಗ್ಯಾರೇಜಿನ ಬಾಗಿಲು ತೆರೆದಿಡುತ್ತೇವೆ.

ಹೋದ ಶನಿವಾರ ಬೆಳಗ್ಗೆ ಎದ್ದು ಗ್ಯಾರೇಜಿಗೆ ಹೋಗಿ ಅಭ್ಯಾಸಬಲದಿಂದ ಊದುಬತ್ತಿ ಹಚ್ಚಿದೆ. ಸುಮಾ ಬಾಗಿಲಲ್ಲಿ ಕಾಫಿ ಹಿಡಿದು, "ಯಾಕ್ರೀ, ಬೇಕನ್ನಿಸ್ತಾ ಇದೆಯಾ?" ಎಂದಳು. ನಿಂತು ಯೋಚಿಸಿದೆ. ಜೇಬಿನ ಕಡೆ ಕೈ ಹೋಗಿರಲಿಲ್ಲ. ಬಾಯಲ್ಲಿ ನೀರಿರಲಿಲ್ಲ. ಬೇಕೆಂದು ಏನೂ ಅನ್ನಿಸುತ್ತಿರಲಿಲ್ಲ. ಮುಚ್ಚಿಡಲು ಏನಿಲ್ಲ, ಅಳೆಯಲೂ ಏನಿಲ್ಲ. ಹಾಗಾದರೆ ಇದನ್ನು ಹಚ್ಚಿದ್ದು ಯಾರಿಗೆ ಎಂದು ನೋಡಿದರೆ ಎದುರಿಗೆ ಇದ್ದವನು ಒಬ್ಬನೇ, ಕ್ಯಾಲೆಂಡರಿನ ಗಣಪತಿ. ಹನ್ನೊಂದು ವರ್ಷದಲ್ಲಿ ಅವನಿಗೆಂದೇ ಹಚ್ಚಿದ ಮೊದಲ ಕಡ್ಡಿ. ಅದು ಸ್ವಲ್ಪ ಸೊಟ್ಟಗೆ ನಿಂತಿತ್ತು, ನೆಟ್ಟಗೆ ಮಾಡಿದೆ. ಸಂಕೋಚವಾಯಿತು, ಆದರೂ ಕೈಮುಗಿದೆ. ಕಣ್ಣು ತುಂಬಿತು, ಹೊಗೆಗೆ ಎಂದು ಸುಮಾಗೆ ಹೇಳಿದೆ.

ಅದಾಗಿ ಅರ್ಧ ಗಂಟೆಗೆ ವಯೋಲಾ ಕ್ಲಾಸು. ಎಮ್ಮಾ ಕಾರು ಹತ್ತಿದವಳೇ ಮೂಗೆತ್ತಿ ನೋಡಿ, ನಿಮ್ಮಪ್ಪ ಪ್ರಾರ್ಥನೆ ಮಾಡಿ ಬಂದರಾ ಎಂದು ಕೇಳಿದಳು.

"ನೋ, ಹಿ ಡಸಂಟ್ ರಿಯಲಿ ಪ್ರೇ" ಎಂದಳು ನನ್ನ ಮಗಳು. "ಹಿ ಈಸ್ ಕ್ವಿಟಿಂಗ್ ಸ್ಮೋಕಿಂಗ್. ಇಟ್ಸ್ ಸೂಪರ್ ಹಾರ್ಡ್." ದನಿಯಲ್ಲಿ ಅದೇ ಹಳೆಯ ಹೆಮ್ಮೆ ಇತ್ತು.

ಇಲ್ಲ ಮಗಳೇ, ಇವತ್ತೊಂದು ದಿನ ನಿಜವಾಗಿಯೂ ಪ್ರಾರ್ಥನೆ ಮಾಡಿದ್ದೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಬಾಯಿ ಮುಚ್ಚಿಕೊಂಡು, ಸಿಗ್ನಲ್ ಹಸಿರಾದ ಕೂಡಲೇ ಕಾರು ಮುಂದಕ್ಕೆ ಬಿಟ್ಟೆ.