ಪಕ್ಕದ ಮನೆಯ ಚಾಕಲೇಟ್ ಕಾಫಿ

ಅದಿರಿಗೆ ಚಿನ್ನದ ಬೆಲೆ ಬಂದಿದ್ದ ಕಾಲ. ಹೊಸಪೇಟೆಯ ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ಮಾಲೀಕರೊಬ್ಬರ ಹೆಂಡತಿ ನಮ್ಮ ಪಕ್ಕದ ಮನೆಯವರು. ಲಾರಿ ಹೆಚ್ಚಿದಂತೆಲ್ಲ ಅವರ ಮನೆಗೆ ಮಹಡಿ ಏರಿತು. ಆಕೆಯ ಕೈ ಮಾತ್ರ ಬಿಗಿಯಾಗಿಯೇ ಉಳಿಯಿತು. ಬೆಂಗಳೂರಿನ ನಾದಿನಿ ಒಮ್ಮೆ ಆಕೆಯನ್ನು ಕಾಫಿ ಶಾಪಿಗೆ ಕರೆದೊಯ್ದು ಚಾಕಲೇಟ್ ಕಾಫಿ ಕುಡಿಸಿದ್ದೇ ತಪ್ಪಾಯಿತು.

"ಇಷ್ಟಕ್ಕ ಅಲ್ಲಿತನಕ ಯಾಕ ಹೋಗ್ಬೇಕ್ರಿ?" ಎನ್ನುತ್ತ, ಮಕ್ಕಳ ಚಾಕಲೇಟನ್ನು ಬಿಸಿ ಹಾಲಿನಲ್ಲಿ ಕರಗಿಸಿ, ಡಿಕಾಕ್ಷನ್ ಸುರಿದು, ಮಿಕ್ಸಿಯಲ್ಲಿ ಗಿರ್ರೆನಿಸಿ ನೊರೆ ಎಬ್ಬಿಸುತ್ತಿದ್ದರು. ದಿನವೂ ರುಚಿ ನೋಡುವ ಭಾಗ್ಯ ನನ್ನದು.

ಕೊನೆಗೊಂದು ದಿನ ಪರೀಕ್ಷೆಗೆ ನಾದಿನಿಯೇ ಬಂದಳು. ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ ಕಿಟಕಿಕಟ್ಟೆಯ ಮೇಲೆ ಲೋಟ ಸಿದ್ಧವಾಗಿತ್ತು. ಅಷ್ಟರಲ್ಲೇ ಹೊರಗೆ ಸಾಲಾಗಿ ಲಾರಿಗಳು ಹಾದುಹೋಗಿ, ನೊರೆಯ ಮೇಲೆ ಕೆಂಪು ಧೂಳು ನಯವಾಗಿ ಕೂತಿತ್ತು. ನಾನು ಬಾಯಿ ತೆರೆಯುವ ಮೊದಲೇ ನಾದಿನಿ ಗುಟುಕರಿಸಿದಳು.

"ಅತ್ತಿಗೀ, ಭಾಳ ಮಸ್ತ್ ಐತಿ! ಬೆಂಗಳೂರಾಗ ಮ್ಯಾಲೆ ಇಷ್ಟು ಚಾಕಲೇಟ್ ಪುಡಿ ಉದುರ್ಸಂಗಿಲ್ಲ."

ಆಕೆ ಲೋಟ ನೋಡಿದರು, ರಸ್ತೆ ನೋಡಿದರು, ನನ್ನನ್ನೂ ಒಮ್ಮೆ ದುರುಗುಟ್ಟಿ ನೋಡಿದರು.

"ನಮ್ಮಲ್ಲಿ ಪುಡಿಗೇನು ಬರ ಇಲ್ಲ ಬಿಡವಾ. ಇನ್ನೊಂದು ಲೋಟ ತರ್ತೀನಿ," ಎಂದು, ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದಿಟ್ಟು ಒಳಗೆ ಹೋದರು.